ಪಕ್ಕೆಗೆ ಪಟ್ಟಿ ಬೇಡ

ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿಯ ತೆಂಗಿನ ತೋಟಗಳಲ್ಲಿ ಮರ ಹತ್ತಿ ಕಾಯಿ ಕೆಡವುವವರನ್ನು ಹುಡುಕುವುದೇ ಈಗ ದೊಡ್ಡ ಕೆಲಸ. ವಯಸ್ಸಿನ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು, ಮರ ಹತ್ತುವುದನ್ನು ಬಿಟ್ಟರು. ಉಳಿದ ಕೆಲವರೂ ನೆಲದ ಮೇಲೆ ನಿಂತು ದೋಟಿಯಲ್ಲೇ ಕೆಲಸ ಮುಗಿಸಲು ನೋಡುತ್ತಾರೆ. ಯಾಕೆ ಎಂದು ಕೇಳಿದರೆ ಕೂಲಿಯ ಮಾತಿಗಿಂತ ಮೊದಲು ಬಿದ್ದವರ ಮಾತು ಬರುತ್ತದೆ. ಒಬ್ಬ ಮಳೆಗೆ ಪಾಚಿ ಕಟ್ಟಿದ ಮರದಲ್ಲಿ ಜಾರಿದ, ಇನ್ನೊಬ್ಬ ಒಣಗಿದ ಗರಿ ಹಿಡಿದು ಗರಿಯ ಜೊತೆಗೇ ಕೆಳಗೆ ಬಂದ. ಕತೆ ಮುಗಿಯುವುದು ಎರಡರಲ್ಲಿ ಒಂದು ಮಾತಿಗೆ: ‘ಪಕ್ಕೆ ಮುರೀತು’, ಇಲ್ಲವೇ ‘ಬೆನ್ನು ಹೋಯ್ತು’.

ಎರಡಕ್ಕೂ ನಮ್ಮ ಕಡೆ ಸಿದ್ಧ ಉಪಚಾರವಿದೆ. ಪಕ್ಕೆ ಮುರಿದವನ ಎದೆಯ ಸುತ್ತ ಹಳೆಯ ಪಂಚೆ ಹರಿದು ಬಿಗಿಯಾಗಿ ಸುತ್ತುತ್ತಾರೆ. ಬೆನ್ನಿಗೆ ಪೆಟ್ಟಾದವನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ನೀರು ಕುಡಿಸಿ, ಆಟೊದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಕುಣಿಗಲ್ ಕಡೆ ಹೊರಡುತ್ತಾರೆ. ಕಾಳಜಿಗೆ ಕೊರತೆಯಿಲ್ಲ. ಆದರೆ ಅಲುಗಾಡಲೇಬೇಕಾದ್ದನ್ನು ಕಟ್ಟಿಹಾಕಿ, ಅಲುಗಿಸಲೇಬಾರದ್ದನ್ನು ಅಲುಗಿಸಿರುತ್ತಾರೆ. ಎದೆಗೂಡು ಎಂದರೆ ಒಳಗಿನ ಗುಂಡಿಗೆ, ಶ್ವಾಸಕೋಶಗಳನ್ನು ಕಾಯುವ ಗಟ್ಟಿ ಪೆಟ್ಟಿಗೆ ಎಂದು ಶಾಲೆಯಲ್ಲಿ ಓದಿದ್ದರ ಫಲವೂ ಇದಿರಬಹುದು. ಕಾಯುವುದು ಅದರ ಅರ್ಧ ಕೆಲಸ. ಉಳಿದರ್ಧ, ನನ್ನ ಲೆಕ್ಕದಲ್ಲಿ ದೊಡ್ಡ ಅರ್ಧ, ಹಗಲೂ ರಾತ್ರಿ ಆಡುತ್ತಿರುವುದು.

ಬೆನ್ನಿನಿಂದ ನೋಡೋಣ. ಕತ್ತಿನಲ್ಲಿ 7 ಮಣಿ, ಸೊಂಟದಲ್ಲಿ 5. ಅವೆರಡರ ನಡುವೆ, ಎದೆಯ ಹಿಂದೆ 12. ಮೇಲಿನದು ಚಿಕ್ಕದು, ಕೆಳಗೆ ಬಂದಂತೆ ಹೊರುವ ಭಾರ ಹೆಚ್ಚುವುದರಿಂದ ಗಾತ್ರವೂ ಹೆಚ್ಚು. ಬೆನ್ನುಮೂಳೆಯ ಬೇರೆಲ್ಲ ಮಣಿಗಳಿಂದ ಈ 12ನ್ನು ಬೇರೆ ಮಾಡಿ ತೋರಿಸುವ ಗುರುತು, ಅವುಗಳ ಮಗ್ಗುಲಲ್ಲಿರುವ ನುಣುಪಾದ ಸಣ್ಣ ತಗ್ಗುಗಳು. ಪಕ್ಕೆಲುಬಿನ ತಲೆ ಬಂದು ಕೂರುವುದು ಅಲ್ಲಿ. ಎರಡನೆಯದರಿಂದ ಒಂಬತ್ತನೆಯವರೆಗಿನ ಪಕ್ಕೆಲುಬುಗಳು ಒಂದೊಂದೂ ಎರಡೆರಡು ಮಣಿಗಳ ಮೇಲೆ ಕೂರುತ್ತವೆ. ನಡುವೆ ಇರುವ ಡಿಸ್ಕಿಗೂ ತಾಗಿರುತ್ತವೆ. ಅಲ್ಲಿಂದ ತುಸು ಹೊರಗೆ, ಮಣಿಯ ಪಕ್ಕದ ಚಾಚಿನ ಜೊತೆಗೆ ಇನ್ನೊಂದು ಕೀಲು. ಹೀಗೆ ಪ್ರತಿ ಪಕ್ಕೆಲುಬಿಗೂ ಹಿಂದೆಯೇ ಎರಡು ಕಡೆ ಆಧಾರ. ಕಡೆಯ ಎರಡು ಜೋಡಿಗೆ ಮಾತ್ರ ಪಕ್ಕದ ಚಾಚಿನ ಕೀಲು ಇಲ್ಲ.

ಮುಂದೆ ಬಂದರೆ ಏರ್ಪಾಡು ಬೇರೆ. ಮೊದಲ 7 ಜೋಡಿ ತಮ್ಮದೇ ಮೃದ್ವಸ್ಥಿಯ ಮೂಲಕ ಎದೆಮೂಳೆಯನ್ನು ಸೇರುತ್ತವೆ. 8, 9, 10ನೆಯವು ಎದೆಮೂಳೆ ಮುಟ್ಟದೆ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಳ್ಳುತ್ತವೆ. 11, 12 ಎಲ್ಲಿಗೂ ಅಂಟದೆ ಪಕ್ಕೆಯ ಸ್ನಾಯುವಿನೊಳಗೇ ಮುಗಿಯುತ್ತವೆ. ಗಂಡಸಿಗೆ ಒಂದು ಪಕ್ಕೆಲುಬು ಕಡಿಮೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಇಬ್ಬರಿಗೂ 12 ಜೋಡಿಯೇ. ನೂರು ಜನರಲ್ಲಿ ಒಬ್ಬರಿಗೋ ಇನ್ನೂ ಕಡಿಮೆ ಮಂದಿಗೋ ಕತ್ತಿನ ಏಳನೇ ಮಣಿಯಿಂದ ಹೆಚ್ಚುವರಿಯಾಗಿ ಒಂದು ಹುಟ್ಟಿರುತ್ತದೆ. ಅದು ಗಂಡಿಗೂ ಇರಬಹುದು, ಹೆಣ್ಣಿಗೂ ಇರಬಹುದು; ಬಹುಪಾಲು ಜನರಿಗೆ ಅದು ಇರುವುದೂ ತಿಳಿಯುವುದಿಲ್ಲ.

ಇಲ್ಲಿ ಮುಖ್ಯವಾದದ್ದು ಓರೆ. ಪಕ್ಕೆಲುಬು ಬೆನ್ನಿನಿಂದ ಹೊರಟು ಅಡ್ಡಕ್ಕೆ ನೇರ ಬರುವುದಿಲ್ಲ, ಇಳಿಜಾರಾಗಿ ಬರುತ್ತದೆ. ಮುಂದಿನ ತುದಿ ಹಿಂದಿನ ತುದಿಗಿಂತ ಕೆಳಗಿರುತ್ತದೆ. ಆದ್ದರಿಂದ ಅದನ್ನು ಮೇಲೆತ್ತಿದರೆ ಎದೆ ಹಿಗ್ಗಲೇಬೇಕು. ಅಂಗರಚನೆಯ ಪುಸ್ತಕ ಬರೆದವರು ಇದಕ್ಕೆ ಹೋಲಿಕೆಯನ್ನು ನೀರು ಸೇದುವ ಜಾಗದಿಂದಲೇ ತಂದಿದ್ದಾರೆ: ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯ ಹಾಗೆ ಎದ್ದು ಎದೆಮೂಳೆಯನ್ನು ಮುಂದಕ್ಕೆ ತಳ್ಳುತ್ತವೆ, ಕೆಳಗಿನವು ಬಕೆಟ್ಟಿನ ಹಿಡಿಯ ಹಾಗೆ ಪಕ್ಕಕ್ಕೆ ಎದ್ದು ಎದೆಯನ್ನು ಅಗಲ ಮಾಡುತ್ತವೆ. ಅದೇ ಹೊತ್ತಿಗೆ ಕೆಳಗೆ ವಪೆ ಇಳಿಯುತ್ತದೆ. ಎದೆಯೊಳಗಿನ ಜಾಗ ಹೆಚ್ಚುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ. ನಿಮಿಷಕ್ಕೆ 15 ಸಲ ಎಂದರೆ ದಿನಕ್ಕೆ 21,600 ಸಲ. ಯೋಗದ ಹಳೆಯ ಗ್ರಂಥಗಳು ಹೇಳುವ ಉಸಿರಿನ ಲೆಕ್ಕವೂ ಇದೇ. ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳ ನಟರು ಮೈಕು ಬರುವ ಮೊದಲು ಹಿಂದಿನ ಸಾಲಿನವರೆಗೂ ಕಂದ ಹಾಡಿ ಮುಟ್ಟಿಸಿದ್ದು ಗಂಟಲಿನ ಬಲವೊಂದರಿಂದಲೇ ಅಲ್ಲ. ಕೆಳಪಕ್ಕೆಗಳನ್ನು ಹಿಗ್ಗಿಸಿ, ತುಂಬಿಕೊಂಡ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡುವ ಹತೋಟಿ ಅವರಿಗೆ ಇತ್ತು.

ಎಣಿಸಿ ನೋಡಬೇಕೆಂದರೆ ಎಲ್ಲಿಂದ ಶುರುಮಾಡುವುದು? ಮೊದಲ ಪಕ್ಕೆಲುಬು ಕೊರಳೆಲುಬಿನ ಹಿಂದೆ ಅಡಗಿದೆ, ಕೈಗೆ ಸಿಗದು. ಗಂಟಲ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಕ್ಕೆ ಜಾರಿಸಿದರೆ ಎರಡು ಅಂಗುಲದಷ್ಟು ಕೆಳಗೆ ಒಂದು ಅಡ್ಡ ಏಣು ಸಿಗುತ್ತದೆ. ಅದರ ಪಕ್ಕದಲ್ಲಿರುವುದೇ ಎರಡನೇ ಪಕ್ಕೆಲುಬು. ಅಲ್ಲಿಂದ ಕೆಳಕ್ಕೆ ಎಣಿಸುತ್ತ ಹೋಗಬಹುದು. ಸ್ಟೆತಾಸ್ಕೋಪ್ ಇಡುವ ಜಾಗ, ಇಸಿಜಿಯ ಬಿಲ್ಲೆ ಅಂಟಿಸುವ ಜಾಗ ಎಲ್ಲಕ್ಕೂ ವೈದ್ಯರು ಹಿಡಿಯುವ ಗುರುತು ಅದೇ ಏಣು. ಬೆನ್ನಿನ ಕಡೆ, ಕೈ ಇಳಿಬಿಟ್ಟು ನಿಂತಾಗ ಹೆಗಲ ಹಲಗೆಯ ಕೆಳತುದಿ ಸುಮಾರಾಗಿ ಎದೆಯ ಏಳನೇ ಮಣಿಯ ಮಟ್ಟಕ್ಕೆ ಬರುತ್ತದೆ.

ಮುರಿದ ಮೇಲೆ

ಮೇಲಿನ ಎರಡು ಪಕ್ಕೆಲುಬುಗಳು ಕೊರಳೆಲುಬು, ಹೆಗಲುಗಳ ಮರೆಯಲ್ಲಿವೆ. ಅವು ಮುರಿದಿದ್ದರೆ ಪೆಟ್ಟು ಬಲು ಜೋರಾಗಿತ್ತೆಂದು ಅರ್ಥ. ಕೊನೆಯ ಎರಡು ಸಡಿಲವಾಗಿರುವುದರಿಂದ ಪೆಟ್ಟಿಗೆ ಸರಿದುಕೊಳ್ಳುತ್ತವೆ. ಹೆಚ್ಚಾಗಿ ಮುರಿಯುವವು ನಡುವಿನವು, ಅದರಲ್ಲೂ ಬೆನ್ನಿನಿಂದ ಮುಂದಕ್ಕೆ ತಿರುಗುವ ಮೂಲೆಯ ಹತ್ತಿರ. ಎಕ್ಸ್‌ರೇಯಲ್ಲಿ ಬಿರುಕು ಕಾಣದೆ ಹೋಗುವುದು ಸಾಮಾನ್ಯ. ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದ ಮೇಲೂ ಕೆಮ್ಮಿದಾಗ ಪ್ರಾಣ ಹೋದಂತಾದರೆ ನೋವು ಸುಳ್ಳಲ್ಲ.

ಮುರಿದ ಕೈಗೆ ಹಲಗೆ ಕಟ್ಟುತ್ತೇವೆ. ಕೈಕಾಲಿನ ಮಟ್ಟಿಗೆ ಆಂಧ್ರದ ಪುತ್ತೂರು ಕಟ್ಟಿಗೆ ನಮ್ಮ ಊರುಗಳಲ್ಲಿ ಎಷ್ಟು ಹೆಸರಿದೆಯೆಂಬುದನ್ನು ರಸ್ತೆಬದಿಯ ಬೋರ್ಡುಗಳೇ ಹೇಳುತ್ತವೆ. ಮೂಳೆ ಅಲುಗದಂತೆ ಹಿಡಿದಿಟ್ಟರೆ ಕೂಡಿಕೊಳ್ಳುತ್ತದೆ ಎಂಬುದು ಆ ಕಟ್ಟಿನ ತರ್ಕ, ಕೈಕಾಲಿಗೆ ಅದು ಸರಿಯಾದ ತರ್ಕವೇ. ಪಕ್ಕೆಗೆ ಅದು ಹೊಂದುವುದಿಲ್ಲ. ಪಕ್ಕೆಲುಬನ್ನು ಅಲುಗದಂತೆ ಮಾಡಬೇಕಾದರೆ ಉಸಿರನ್ನೇ ನಿಲ್ಲಿಸಬೇಕು. ನೋವಿಗೆ ಹೆದರಿ ಮನುಷ್ಯ ಮೊದಲೇ ಮೇಲುಸಿರಾಡುತ್ತಿರುತ್ತಾನೆ. ಅದರ ಮೇಲೆ ಪಟ್ಟಿ ಬಿಗಿದರೆ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗುವುದಿಲ್ಲ, ಕಫ ಮೇಲೆ ಬರುವುದಿಲ್ಲ, ಕಟ್ಟಿಕೊಂಡ ಕಫದಲ್ಲಿ ನ್ಯುಮೋನಿಯಾ ಹುಟ್ಟುತ್ತದೆ. ವಯಸ್ಸಾದವರು ಪಕ್ಕೆ ಮುರಿದುಕೊಂಡು ತೀರಿಕೊಂಡರೆ ಅನೇಕ ಸಲ ಅದಕ್ಕೆ ಕಾರಣ ಆ ಮೂಳೆಯಲ್ಲ, ಆಮೇಲೆ ಬಂದ ನ್ಯುಮೋನಿಯಾ. ವೈದ್ಯಕೀಯ ಪುಸ್ತಕಗಳು ಕೂಡ ಒಂದು ಕಾಲದಲ್ಲಿ ಎದೆಗೆ ಅಂಟುಪಟ್ಟಿ ಸುತ್ತಲು ಹೇಳುತ್ತಿದ್ದವು. ಈಗ ಆ ಪದ್ಧತಿಯನ್ನು ಕೈಬಿಟ್ಟಿದ್ದಾರೆ.

ಈಗಿನ ಚಿಕಿತ್ಸೆ ನೋಡಲು ಸಪ್ಪೆ. ನೋವು ಚೆನ್ನಾಗಿ ತಗ್ಗುವಷ್ಟು ಮಾತ್ರೆ, ಗಂಟೆಗೊಮ್ಮೆ ಹತ್ತು ಸಲ ಆಳವಾದ ಉಸಿರು, ಕೆಮ್ಮು ಬಂದಾಗ ನೋಯುವ ಕಡೆಗೆ ದಿಂಬು ಒತ್ತಿ ಹಿಡಿದು ಧೈರ್ಯವಾಗಿ ಕೆಮ್ಮುವುದು, ಮಲಗಿಯೇ ಇರದೆ ಎದ್ದು ಓಡಾಡುವುದು. ಆರು ವಾರದ ಹೊತ್ತಿಗೆ ಪಕ್ಕೆಲುಬು ಯಾರ ಕಟ್ಟೂ ಇಲ್ಲದೆ ಕೂಡಿಕೊಳ್ಳುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದು ಮಾತ್ರ ಬೇಡ, ಮುರಿದ ತುದಿಯ ಕೆಳಗಿರುವುದು ಶ್ವಾಸಕೋಶ.

ಮೂಳೆಗಿಂತ ಅದರ ಹಿಂದಿರುವುದು ಮುಖ್ಯವಾಗುವ ಸಂದರ್ಭಗಳಿವೆ. ಎಡಗಡೆಯ 9ರಿಂದ 11ನೇ ಪಕ್ಕೆಲುಬುಗಳ ಹಿಂದೆ ಗುಲ್ಮವಿದೆ, ಬಲಗಡೆ ಲಿವರ್. ಎದೆಗೂಡು ಎಂದರೂ ಅದರ ಕೆಳಗಿನ ಭಾಗ ಕಾಯುತ್ತಿರುವುದು ಹೊಟ್ಟೆಯನ್ನು. ಎಡಪಕ್ಕೆಗೆ ಪೆಟ್ಟಾದವನು ಕೆಲ ಗಂಟೆಗಳ ಮೇಲೆ ಬಿಳಿಚಿಕೊಂಡು, ಬೆವರಿ, ಎಡಹೆಗಲು ನೋಯುತ್ತಿದೆ ಎಂದರೆ ಗುಲ್ಮ ಒಡೆದು ಒಳಗೆ ರಕ್ತ ಸೋರುತ್ತಿರಬಹುದು. ಒಂದರ ಪಕ್ಕ ಒಂದರಂತೆ ಮೂರು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದರೆ ಎದೆಯ ಆ ಭಾಗ ಉಸಿರು ಎಳೆದಾಗ ಒಳಕ್ಕೂ, ಬಿಟ್ಟಾಗ ಹೊರಕ್ಕೂ ಹೋಗುತ್ತದೆ, ಉಳಿದ ಎದೆಗೆ ಉಲ್ಟಾ. ಅದನ್ನು ಕಂಡರೆ ತಡಮಾಡುವಂತಿಲ್ಲ.

ಪಕ್ಕೆಲುಬು ಮುರಿದರೂ ಪರವಾಗಿಲ್ಲ ಎನ್ನುವ ಸಂದರ್ಭವೂ ಒಂದಿದೆ. ಹೃದಯ ನಿಂತು ಕುಸಿದವರ ಎದೆಮೂಳೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವಾಗ ಲಟಕ್ಕೆಂಬ ಸದ್ದು ಕೇಳಬಹುದು. ಒತ್ತುವುದನ್ನು ನಿಲ್ಲಿಸಬಾರದು.

ಬೆನ್ನಿನ ಕತೆ ಪೂರ್ತಿ ಬೇರೆ. ಎದೆಯ ಮಣಿಗಳನ್ನು ಪಕ್ಕೆಲುಬುಗಳು ಹಿಡಿದಿಟ್ಟಿರುವುದರಿಂದ ಆ ಭಾಗ ಹೆಚ್ಚು ಬಾಗದು. ಸೊಂಟದ ಮಣಿಗಳು ಚೆನ್ನಾಗಿ ಬಾಗುತ್ತವೆ. ಇವೆರಡೂ ಕೂಡುವ ಗಡಿಯಲ್ಲಿ, ಎದೆಯ 12ನೆಯದು ಮತ್ತು ಸೊಂಟದ ಮೊದಲನೆಯದರ ಹತ್ತಿರ, ಬಿದ್ದ ಪೆಟ್ಟು ಬಂದು ನಿಲ್ಲುತ್ತದೆ. ಮರದಿಂದ ಕಾಲೂರಿಯೋ ಕುಂಡಿಯೂರಿಯೋ ಬಿದ್ದವರಲ್ಲಿ ಒಡೆಯುವುದು ಸಾಮಾನ್ಯವಾಗಿ ಅಲ್ಲೇ. ಅದಕ್ಕೇ ಹಿಮ್ಮಡಿ ಒಡೆದುಕೊಂಡು ಬಂದವನ ಬೆನ್ನನ್ನೂ ಅನುಭವಿ ವೈದ್ಯರು ಮುಟ್ಟಿ ನೋಡುತ್ತಾರೆ. ಮಣಿ ಒಡೆದಿದ್ದರೂ ಬೆನ್ನುಹುರಿ ಉಳಿದಿರಬಹುದು. ಅಂಥವನನ್ನು ಎಬ್ಬಿಸಿ ಕೂರಿಸಿದಾಗ, ಆಟೊದಲ್ಲಿ ಕುಲುಕಿದಾಗ ಒಡೆದ ಚೂರು ಹಿಂದಕ್ಕೆ ಸರಿದು ಹುರಿಯನ್ನು ಒತ್ತುತ್ತದೆ. ಬಿದ್ದಾಗ ಕಾಲು ಆಡಿಸುತ್ತಿದ್ದವನು ಆಸ್ಪತ್ರೆ ತಲುಪುವ ಹೊತ್ತಿಗೆ ಆಡಿಸದೆ ಹೋಗುವುದು ಹೀಗೆ.

ಆದ್ದರಿಂದ ಬಿದ್ದವನನ್ನು ಬಿದ್ದ ಕಡೆಯೇ ಮಲಗಿರಲು ಬಿಡಬೇಕು. ತೋಟದ ಮನೆಯಲ್ಲಿ ಬಾಗಿಲ ಹಲಗೆಯೋ ಬೆಂಚೋ ಇದ್ದೇ ಇರುತ್ತದೆ. ಮೂರು ನಾಲ್ಕು ಜನ ಸೇರಿ ತಲೆ, ಹೆಗಲು, ಸೊಂಟ, ಕಾಲು ಒಟ್ಟಿಗೇ ತಿರುಗುವಂತೆ, ಎಲ್ಲೂ ತಿರುಚದಂತೆ ಮಗ್ಗುಲಿಗೆ ಹೊರಳಿಸಿ, ಹಲಗೆ ಸರಿಸಿ, ಅದರ ಮೇಲೆ ಮಲಗಿಸಿಯೇ ಸಾಗಿಸಬೇಕು. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. ಅದು ಬರುವ ಹೊತ್ತು ಆಟೊ ಹತ್ತಿಸಿ ಉಳಿಸಿದ ಹೊತ್ತಿಗಿಂತ ಅಮೂಲ್ಯ. ತೆಂಗು ಅಭಿವೃದ್ಧಿ ಮಂಡಳಿಯು ಮರ ಹತ್ತುವವರಿಗೆಂದೇ ‘ಕೇರ ಸುರಕ್ಷಾ’ ವಿಮೆ ನಡೆಸುತ್ತಿದೆ. ತೋಟದ ಯಜಮಾನರು ಕಾಯಿಯ ಲೆಕ್ಕ ಬರೆಯುವಾಗ ಇದನ್ನೂ ವಿಚಾರಿಸಿಕೊಂಡರೆ ಒಳ್ಳೆಯದು.

ನಮಗೆ 12, ಎತ್ತಿಗೆ 13, ಕುದುರೆಗೆ 18

ಕುಣಿಗಲ್ ತಾಲ್ಲೂಕಿನಲ್ಲಿ ಪಕ್ಕೆಲುಬಿನ ಮಾತು ಮನುಷ್ಯರಿಗೇ ಮುಗಿಯುವುದಿಲ್ಲ. ಪಟ್ಟಣದ ಪಕ್ಕದಲ್ಲೇ 400ಕ್ಕೂ ಹೆಚ್ಚು ಎಕರೆಯ ಕುದುರೆ ಫಾರಂ ಇದೆ. ಹೈದರ್–ಟಿಪ್ಪು ಕಾಲದ ಅಶ್ವದಳದಿಂದ ಶುರುವಾಗಿ, ಬ್ರಿಟಿಷರ ಸೇನೆಗೆ ಕುದುರೆ ಒದಗಿಸಿ, ಆಮೇಲೆ ರೇಸಿನ ಕುದುರೆಗಳ ತಳಿ ಬೆಳೆಸಿದ ಜಾಗ. ಕುದುರೆಗೆ ಎದೆಯ ಮಣಿಗಳು 18, ಪಕ್ಕೆಲುಬು 18 ಜೋಡಿ. ಅದರಲ್ಲಿ ಎದೆಮೂಳೆಗೆ ನೇರ ಸೇರುವವು 8 ಮಾತ್ರ; ಹಿಂದಿನ 10 ಜೋಡಿ ಓಡುವಾಗ ಹಿಗ್ಗಲು ಸಡಿಲವಾಗಿವೆ. ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ, ಕತ್ತು ಬೆನ್ನು ಕೂಡುವಲ್ಲಿನ ಉಬ್ಬಿನವರೆಗೆ ಅಳೆಯುತ್ತಾರೆ. ಆ ಉಬ್ಬು ಎದೆಯ ಮಣಿಗಳಿಂದ ಮೇಲಕ್ಕೆ ಚಾಚಿದ ಮುಳ್ಳೆಲುಬುಗಳದ್ದು. ತಲೆ ಎತ್ತಿದರೂ ತಗ್ಗಿಸಿದರೂ ಅದು ಬದಲಾಗುವುದಿಲ್ಲ, ಅದಕ್ಕೇ ಅಳತೆಗೆ ಅದು.

ದನಕ್ಕೆ 13 ಜೋಡಿ, ಕುರಿ ಮೇಕೆಗೂ ಅಷ್ಟೇ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಇಣಿಯ ಮೇಲೆ ಕೈಯಾಡಿಸುತ್ತಾರೆ. ಇಣಿಯಲ್ಲಿ ಮೂಳೆಯಿಲ್ಲ, ಅದು ಸ್ನಾಯು. ಆದರೆ ಅದರ ಕೆಳಗಿನ ಎದೆಯ ಮಣಿಗಳಲ್ಲಿ ಕೆಲವುಗಳ ಮುಳ್ಳಿನ ತುದಿ ಎರಡಾಗಿ ಸೀಳಿರುತ್ತದೆ. ಇಣಿಯಿಲ್ಲದ ಯುರೋಪಿನ ದನಗಳಲ್ಲಿ ಅದು ಹಾಗಿರುವುದಿಲ್ಲ. ಸಾವಿರಾರು ವರ್ಷದ ಹಳೆಯ ನೆಲೆಗಳಲ್ಲಿ ಸಿಕ್ಕ ಮೂಳೆಯ ರಾಶಿಯಲ್ಲಿ ಇಣಿಯಿರುವ ದನ ಇತ್ತೇ ಇಲ್ಲವೇ ಎಂದು ಹುಡುಕುವ ಪುರಾತತ್ವದವರು ಕಣ್ಣಿಡುವುದು ಈ ಸೀಳಿನ ಮೇಲೆ. ಹೋರಿಯ ಇಣಿ ಮಣ್ಣಾದ ಮೇಲೂ ಅದರ ಗುರುತು ಬೆನ್ನುಮೂಳೆಯಲ್ಲಿ ಉಳಿದಿರುತ್ತದೆ.

ಸರ್ಪಸುತ್ತಿನ ದಾರಿ

ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಳಮಗ್ಗುಲಿಗೆ ಒಂದು ಕಾಲುವೆ ಇದೆ. ಅದರಲ್ಲಿ ಒಂದು ರಕ್ತನಾಳ ಹೃದಯದ ಕಡೆಗೆ, ಒಂದು ಹೃದಯದಿಂದ, ಜೊತೆಗೆ ಒಂದು ನರ ಸಾಗುತ್ತವೆ. ಎದೆಯಲ್ಲಿ ನೀರು ತುಂಬಿದಾಗ ಸೂಜಿ ಹಾಕುವ ವೈದ್ಯರು ಪಕ್ಕೆಲುಬಿನ ಮೇಲಂಚನ್ನು ಉಜ್ಜಿಕೊಂಡೇ ಹಾಕುವುದು ಇವಕ್ಕೆ ತಾಗದಿರಲೆಂದು. ಈ ನರಗಳು ಬೆನ್ನಿನಿಂದ ಹೊರಟು ಪಕ್ಕೆಯ ಜಾಡಿನಲ್ಲೇ ಬಂದು ಮುಂದೆ ನಡುಗೆರೆಯಲ್ಲಿ ನಿಲ್ಲುತ್ತವೆ. ನಾಲ್ಕನೆಯದರ ಪಟ್ಟಿ ಮೊಲೆತೊಟ್ಟಿನ ಮಟ್ಟಕ್ಕೆ, ಹತ್ತನೆಯದು ಹೊಕ್ಕುಳಿಗೆ.

ಈ ಜಾಡು ಕಣ್ಣಿಗೆ ಕಾಣುವುದು ಸರ್ಪಸುತ್ತು ಆದಾಗ. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಬಂದು ಹೋದ ಮೇಲೆ, ಚಿಕನ್‌ಪಾಕ್ಸಿನ ವೈರಸ್ ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನಿರುತ್ತದೆ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ಮೈಯ ತಡೆಶಕ್ತಿ ಕುಂದಿದಾಗ ಒಂದು ನರ ಹಿಡಿದು ಹೊರಬರುತ್ತದೆ. ಹೆಚ್ಚಾಗಿ ಎದೆಯ ಭಾಗದ ನರವನ್ನೇ. ಎರಡು ಮೂರು ದಿನ ಬರೀ ಉರಿ, ನೋವು; ಆಮೇಲೆ ಬೆನ್ನಿನಿಂದ ಎದೆಯವರೆಗೆ ಅರ್ಧಸುತ್ತು ಗುಳ್ಳೆಗಳು. ಹಾವಿನ ತಲೆ ಬಾಲ ಕೂಡಿದರೆ ಬದುಕುವುದಿಲ್ಲ ಎಂಬ ಹೆದರಿಕೆಗೆ ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ದಿನ ಕಳೆಯುತ್ತಾರೆ. ನರವೇ ನಡುಗೆರೆಯಲ್ಲಿ ನಿಲ್ಲುವುದರಿಂದ ಸುತ್ತು ಸಾಮಾನ್ಯವಾಗಿ ಪೂರ್ತಿಯಾಗುವುದಿಲ್ಲ, ಮಂತ್ರ ಹಾಕಿದರೂ ಹಾಕದಿದ್ದರೂ. ಕಳೆದ ದಿನಗಳದ್ದೇ ನಷ್ಟ: ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ವೈರಸ್‌ನ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದಷ್ಟೂ, ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಬಟ್ಟೆ ತಾಗಿದರೂ ಉರಿಯುವ ನೋವು ಉಳಿಯುವ ಭಯ ಹೆಚ್ಚು.

ತುಮಕೂರಿನ ಎದೆಯ ಚಿತ್ರ

ಎದೆಯ ಎಕ್ಸ್‌ರೇ ತೆಗೆಸಿಕೊಂಡವರಿಗೆಲ್ಲ ‘ಉಸಿರು ಎಳ್ಕೊಳಿ, ಹಾಗೇ ಹಿಡ್ಕೊಳಿ’ ಎಂಬ ಮಾತು ನೆನಪಿರುತ್ತದೆ. ಉಸಿರು ಸರಿಯಾಗಿ ಎಳೆದಿದ್ದಾರೋ ಇಲ್ಲವೋ ಎಂದು ಆಮೇಲೆ ಗೊತ್ತಾಗುವುದು ಪಕ್ಕೆಲುಬು ಎಣಿಸಿದಾಗ. ವಪೆಯ ಮೇಲೆ ಹಿಂಬದಿಯ ಪಕ್ಕೆಲುಬುಗಳು ಒಂಬತ್ತೋ ಹತ್ತೋ ಕಂಡರೆ ಚಿತ್ರ ಚೆನ್ನಾಗಿದೆ. ಕಲೆ ಎಲ್ಲಿದೆ ಎಂದು ಹೇಳುವುದೂ ಎಷ್ಟನೇ ಪಕ್ಕೆಲುಬಿನ ಹತ್ತಿರ ಎಂದೇ. ಕ್ಷಯದ ಕಲೆ ಹೆಚ್ಚಾಗಿ ಶ್ವಾಸಕೋಶದ ನೆತ್ತಿಯಲ್ಲಿ, ಕೊರಳೆಲುಬಿನ ಹಿಂದೆ, ಮೊದಲ ಒಂದೆರಡು ಪಕ್ಕೆಲುಬುಗಳ ಮಟ್ಟದಲ್ಲಿ ಸಿಗುತ್ತದೆ.

ಈ ಕಲೆ ಹುಡುಕುತ್ತ ಎಕ್ಸ್‌ರೇ ಯಂತ್ರ ತುಮಕೂರು ಜಿಲ್ಲೆಯ ಹಳ್ಳಿಗಳಿಗೇ ಬಂದದ್ದು 1960–61ರಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತನ್ನ ಮೊದಮೊದಲ ದೊಡ್ಡ ಸಮೀಕ್ಷೆಗೆ ಆರಿಸಿಕೊಂಡದ್ದು ಆಗಿನ ಮೈಸೂರು ರಾಜ್ಯದ ಈ ಜಿಲ್ಲೆಯನ್ನು. ಆರಿಸಿದ ಹಳ್ಳಿಗಳಲ್ಲಿ ಮನೆಮನೆಯ ಜನಗಣತಿ ಮಾಡಿ, ಚುಚ್ಚಿ ಪರೀಕ್ಷಿಸಿ, 70 ಮಿಲಿಮೀಟರಿನ ಸಣ್ಣ ಫಿಲಂಗಳಲ್ಲಿ ಎದೆಯ ಚಿತ್ರ ತೆಗೆದು, ಅನುಮಾನ ಬಂದವರ ಕಫ ಪರೀಕ್ಷೆ ಮಾಡಿದರು. ಕಫದಲ್ಲಿ ಕ್ಷಯದ ರೋಗಾಣು ಕಂಡವರು ಸಾವಿರಕ್ಕೆ ಸುಮಾರು ನಾಲ್ಕು ಮಂದಿ. ಕ್ಷಯ ಎಂದರೆ ಪೇಟೆಯ ಇಕ್ಕಟ್ಟಿನ ಕಾಯಿಲೆ ಎಂಬ ನಂಬಿಕೆ ಅದಕ್ಕೆ ಮೊದಲೇ ಅಲುಗಿತ್ತು, ಇಲ್ಲಿ ಅದು ಮತ್ತೆ ಸುಳ್ಳಾಯಿತು.

ಇದಕ್ಕಿಂತ ದೊಡ್ಡ ಸಂಗತಿ ಹೊರಬಂದದ್ದು ಎಕ್ಸ್‌ರೇಯಿಂದಲ್ಲ, ಮಾತಿನಿಂದ. ಸಮಾಜವಿಜ್ಞಾನದ ಕಡೆಯಿಂದ ಈ ಕೆಲಸಕ್ಕಿಳಿದ ಡಾ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ಚಿತ್ರದಲ್ಲಿ ಕಲೆ ಸಿಕ್ಕ ಜನರನ್ನು ಅವರ ಊರುಗಳಲ್ಲೇ ಕಂಡು ಮಾತಾಡಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು ಎಂಬುದು ಆವರೆಗಿನ ಮಾತಾಗಿತ್ತು. ತುಮಕೂರಿನ ರೋಗಿಗಳು ಹೇಳಿದ್ದೇ ಬೇರೆ. ತಮಗೆ ಏನೋ ಆಗಿದೆ ಎಂದು ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ನಡೆದು ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಈ ಅಧ್ಯಯನವನ್ನು ಇವತ್ತಿಗೂ ಜಗತ್ತಿನ ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ಓದುತ್ತಾರೆ. ಊರೂರು ಎಕ್ಸ್‌ರೇ ವ್ಯಾನು ಕಳಿಸುವ ಬದಲು, ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಮಾತ್ರೆ ಕೊಡಿ ಎಂಬ ದಾರಿಯನ್ನು 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಹಿಡಿದದ್ದರ ಹಿಂದೆ ಈ ಜಿಲ್ಲೆಯ ಜನರ ಉತ್ತರಗಳಿವೆ. ತುಮಕೂರಿನಲ್ಲಿ ಇದನ್ನು ನೆನೆಯುವ ಒಂದು ಕಲ್ಲೂ ಇಲ್ಲದಿದ್ದರೆ ಅದು ನಮ್ಮ ಮರೆವು, ಅಧ್ಯಯನದ ಕೊರತೆಯಲ್ಲ.

ಮಾತ್ರೆ ಬರುವ ಮೊದಲು ಕ್ಷಯಕ್ಕೂ ಪಕ್ಕೆಲುಬಿಗೂ ಇದ್ದ ಸಂಬಂಧ ಕ್ರೂರವಾದದ್ದು. ಸೋದರಿ ಕೃಷ್ಣಾಜಮ್ಮಣ್ಣಿಯವರನ್ನು ಕ್ಷಯಕ್ಕೆ ಕಳೆದುಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಮೈಸೂರಿನಲ್ಲಿ ಅವರ ಹೆಸರಿನ ಸ್ಯಾನಟೋರಿಯಂ ತೆರೆದಾಗ ಚಿಕಿತ್ಸೆ ಎಂದರೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ. ಇಷ್ಟರಿಂದ ಆಗದವರಿಗೆ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯರು ಒಂದು ಪಕ್ಕದ ಐದಾರು ಪಕ್ಕೆಲುಬು, ಕೆಲವೊಮ್ಮೆ ಇನ್ನೂ ಹೆಚ್ಚು, ಕಂತುಕಂತಾಗಿ ತೆಗೆದುಹಾಕುತ್ತಿದ್ದರು. ಎದೆಯ ಗೋಡೆ ಒಳಕ್ಕೆ ಕುಸಿದು, ಕೆಳಗಿನ ರೋಗದ ಗುಳಿ ಮುಚ್ಚಿಕೊಂಡು ವಾಸಿಯಾಗಲಿ ಎಂಬುದು ಉದ್ದೇಶ. ಬದುಕಿದವರು ಒಂದು ಹೆಗಲು ಇಳಿಬಿದ್ದ ಮೈಯಲ್ಲಿ ಉಳಿದ ಆಯುಸ್ಸು ಕಳೆದರು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದು ಈ ಶಸ್ತ್ರಚಿಕಿತ್ಸೆಯನ್ನು ಮೂಲೆಗೆ ತಳ್ಳಿತು.

ಕ್ಷಯ ಶ್ವಾಸಕೋಶದಲ್ಲೇ ನಿಲ್ಲಬೇಕೆಂದಿಲ್ಲ. ಬೆನ್ನಿಗೆ ಹೋದರೆ ಅದು ಹೆಚ್ಚಾಗಿ ಹಿಡಿಯುವುದು ಎದೆಯ ಕೆಳಗಿನ ಮಣಿಗಳನ್ನು. ಮಣಿಯ ಮುಂಭಾಗ ಕರಗಿ ಕುಸಿಯುತ್ತದೆ, ಹಿಂಭಾಗ ಉಳಿದಿರುತ್ತದೆ, ಬೆನ್ನು ಮುಂದಕ್ಕೆ ಬಾಗಿ ಚೂಪಾದ ಗೂನು ಏಳುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಬಣ್ಣಿಸಿದ್ದು ಇದನ್ನೇ. ಹತ್ತನೇ ನರ ಹೊಕ್ಕುಳಿಗೆ ಹೋಗುತ್ತದೆ ಎಂದೆನಲ್ಲ. ಬೆನ್ನಿನ ಕ್ಷಯದ ಮಗು ಬೆನ್ನು ನೋವೆನ್ನದೆ ಹೊಟ್ಟೆ ನೋವೆಂದು ಅಳಬಹುದು. ಸಂಜೆಯ ಜ್ವರ, ಇಳಿಯುವ ತೂಕ, ವಾರಗಟ್ಟಲೆ ಬಿಡದ ಬೆನ್ನುನೋವು ಜೊತೆಗೂಡಿದರೆ ಉಳುಕೆಂದು ನೀವಿಸಬಾರದು. ಗೂನು ಏಳುವ ಮೊದಲೇ ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆಗೆ ಕಾಸಿಲ್ಲ.

ಅಜ್ಜಿಯರ ಗೂನಿಗೆ ಕಾರಣ ಬೇರೆ. ಮಾರ್ಕೋನಹಳ್ಳಿ ಜಲಾಶಯದ ನೀರು ಕಂಡ ಗದ್ದೆಗಳಲ್ಲಿ ನಾಟಿ ಹಾಕಿ ಹಾಕಿ ಬೆನ್ನು ಬಾಗಿತು ಎನ್ನುತ್ತಾರೆ. ಆದರೆ ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿ, ಎದೆಯ ನಡುಮಣಿಗಳು ಒಂದೊಂದಾಗಿ ಮುಂದುಗಡೆ ಕುಸಿದಿರುತ್ತವೆ. ಬಹಳಷ್ಟು ಸಲ ಬಿದ್ದ ನೆನಪೂ ಇರುವುದಿಲ್ಲ, ಎತ್ತರ ಕಡಿಮೆಯಾಗುತ್ತ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಸೀಮೆಯ ಮುದ್ದೆಗೆ ಈ ವಿಷಯದಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಜಿಲ್ಲೆಯ ಉತ್ತರಕ್ಕೆ, ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡು ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಮೂಳೆ ಕುಸಿಯುವುದಕ್ಕಿಂತ ಕೀಲಿನ ಕಟ್ಟುಗಳೇ ಗಟ್ಟಿಯಾಗುತ್ತವೆ. ಬೆನ್ನು ಬಾಗದು, ಪಕ್ಕೆಲುಬಿನ ಕೀಲು ಆಡದು, ಆಳವಾಗಿ ಉಸಿರೆಳೆದರೂ ಎದೆ ಹಿಗ್ಗದು. ಮೊಲೆತೊಟ್ಟಿನ ಮಟ್ಟದಲ್ಲಿ ಟೇಪು ಹಿಡಿದು ನೋಡಿದರೆ ಪೂರ್ತಿ ಉಸಿರು ಬಿಟ್ಟಾಗಿನದಕ್ಕೂ ಎಳೆದಾಗಿನದಕ್ಕೂ ಐದು ಸೆಂಟಿಮೀಟರಿನಷ್ಟು ವ್ಯತ್ಯಾಸ ಇರಬೇಕು. ಎರಡೂವರೆಗಿಂತ ಕಡಿಮೆಯಿದ್ದರೆ ತೋರಿಸಿಕೊಳ್ಳಬೇಕು.

ಹಸುಗೂಸಿನ ಪಕ್ಕೆಲುಬುಗಳು ಇನ್ನೂ ಓರೆಯಾಗಿರುವುದಿಲ್ಲ, ಹೆಚ್ಚುಕಡಿಮೆ ಅಡ್ಡಡ್ಡವಾಗಿರುತ್ತವೆ. ಅದಕ್ಕೇ ಕೂಸು ಹೊಟ್ಟೆಯಲ್ಲಿ ಉಸಿರಾಡುತ್ತದೆ. ಮೂಳೆಯೂ ಮೆತ್ತಗೆ. ನ್ಯುಮೋನಿಯಾ ಬಂದಾಗ ಪ್ರತಿ ಉಸಿರಿಗೂ ಕೆಳಪಕ್ಕೆ ಒಳಕ್ಕೆ ಸೆಳೆಯುವುದು ಕಣ್ಣಿಗೆ ಕಾಣುತ್ತದೆ. ಬರೆ ಹಾಕುವುದು, ಎದೆಗೆ ಕರ್ಪೂರದೆಣ್ಣೆ ತಿಕ್ಕಿ ಬೆಳಗಾಗಲಿ ಎನ್ನುವುದು ಇಂಥ ಹೊತ್ತಿನಲ್ಲೇ. ಬಟ್ಟೆ ಬಿಚ್ಚಿ, ಕೂಸು ಅಳದೆ ಇರುವಾಗ, ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನದಕ್ಕೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಒಯ್ಯಿರಿ. ಪಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಲೂ ಕೂರಬೇಡಿ. ಎರಡು ವಾರ ದಾಟಿದ ದೊಡ್ಡವರ ಕೆಮ್ಮಿಗೆ ಸೀಸೆ ಕೊಟ್ಟು ಕಳಿಸಿದರೆ, ಕಫ ಪರೀಕ್ಷೆ ಮಾಡಿ ಎಂದು ನೀವೇ ಕೇಳಿ.